ಕುದುರೆ ನಡೆದರೆ ಸಾಕು: ಪುಣೆಯಲ್ಲಿ ಚಿಕಿತ್ಸಾ ಸವಾರಿ ಶುರು ಮಾಡುವವರಿಗೆ

ಮಗುವನ್ನು ಕುದುರೆಯ ಮೇಲೆ ಕೂರಿಸಿ ನಾಲ್ಕು ಸುತ್ತು ಹೊಡೆಸಿದರೆ ಅದು ಜಾತ್ರೆಯ ಸವಾರಿ. ಅದರಲ್ಲಿ ತಪ್ಪೇನೂ ಇಲ್ಲ, ಮಗುವಿಗೆ ಖುಷಿಯೂ ಆಗುತ್ತದೆ. ಆದರೆ ಅದಕ್ಕೆ ಚಿಕಿತ್ಸೆ ಎಂದು ಹೆಸರಿಟ್ಟು ದುಡ್ಡು ತೆಗೆದುಕೊಳ್ಳುವ ಜಾಗಗಳಿಂದ ದೂರ ಇರಿ.

ಚಿಕಿತ್ಸಾ ಸವಾರಿಯಲ್ಲಿ ಕೆಲಸ ಮಾಡುವುದು ಕುದುರೆಯ ಹೆಜ್ಜೆ. ಕುದುರೆ ನಡೆಯುವಾಗ ಅದರ ಬೆನ್ನು ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಒಟ್ಟೊಟ್ಟಿಗೇ ಅಲುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಅಲುಗುವುದೂ ಹೆಚ್ಚುಕಡಿಮೆ ಹೀಗೆಯೇ. ಹಾಗಾಗಿ ತಾನಾಗಿ ಎಂದೂ ಹೆಜ್ಜೆ ಇಡದ ಮಗುವಿನ ಸೊಂಟಕ್ಕೂ ನಡಿಗೆಯ ಲಯ ಸಿಗುತ್ತದೆ, ಅದೂ ನಿಮಿಷಕ್ಕೆ ನೂರರ ಆಸುಪಾಸು ಸಲ. ಪ್ರತಿ ಅಲುಗಾಟಕ್ಕೂ ಮಗು ಬೀಳದಂತೆ ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕು. ಬೆನ್ನು, ಹೊಟ್ಟೆ, ಕತ್ತಿನ ಸ್ನಾಯುಗಳಿಗೆ ವ್ಯಾಯಾಮ ಆಗುವುದು ಅಲ್ಲಿ. ಕುದುರೆ ಓಡತೊಡಗಿದರೆ ಈ ಲಯ ಹೋಗಿ ಕುಲುಕಾಟವಷ್ಟೇ ಉಳಿಯುತ್ತದೆ. ಮೊದಲ ಕೆಲವು ತಿಂಗಳು ಓಟದ ಮಾತೇ ಬೇಡ.

ಕುದುರೆಯ ಹೆಜ್ಜೆಯನ್ನು ಹೀಗೆ ಬಳಸುವುದರಲ್ಲಿ ಎರಡು ಬಗೆ. ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಅಥವಾ ಸ್ಪೀಚ್ ಥೆರಪಿಸ್ಟ್ ಪಕ್ಕದಲ್ಲೇ ನಿಂತು ಕುದುರೆಯ ಚಲನೆಯನ್ನು ಸಾಧನವಾಗಿ ಬಳಸುವುದು ಹಿಪ್ಪೋಥೆರಪಿ. ಅಲ್ಲಿ ಮಗು ಸವಾರಿ ಕಲಿಯಬೇಕಾದ್ದಿಲ್ಲ. ತರಬೇತಿ ಪಡೆದ ಸವಾರಿ ಶಿಕ್ಷಕರು ಅಂಗವೈಕಲ್ಯಕ್ಕೆ ತಕ್ಕಂತೆ ಸವಾರಿಯನ್ನೇ ಕಲಿಸುವುದು ಚಿಕಿತ್ಸಾ ಸವಾರಿ. ಎರಡನೆಯದು ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಸಾಕ್ಷಿ. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡಿದ್ದ ಅವರನ್ನು ಕುದುರೆ ಹತ್ತಿಸಲು, ಇಳಿಸಲು ಬೇರೆಯವರು ಬೇಕಾಗಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆಯನ್ನು ಲಯಬದ್ಧವಾಗಿ ನಡೆಸಿ ತೋರಿಸುವ ಸ್ಪರ್ಧೆಯಾದ ಡ್ರೆಸಾಜ್‌ನಲ್ಲಿ ಅವರಿಗೆ ಬೆಳ್ಳಿ ಬಂತು.

ವೈದ್ಯರಿಂದ ಏನು ಬರೆಸಿಕೊಳ್ಳಬೇಕು

'ಫಿಟ್' ಎಂಬ ಒಂದೇ ಪದದ ಚೀಟಿಯಿಂದ ಪ್ರಯೋಜನವಿಲ್ಲ. ವೈದ್ಯರಿಗೆ ಬಿಡಿಸಿ ಹೇಳಿ: ಕಾಲು ಅಗಲಿಸಿ ಇಪ್ಪತ್ತು ನಿಮಿಷ ಕೂರಬೇಕು, ಬೆನ್ನುಮೂಳೆಗೆ ಸಣ್ಣ ಸಣ್ಣ ಕುಲುಕು ಬೀಳುತ್ತಲೇ ಇರುತ್ತದೆ, ಕೂತ ಜಾಗ ನೆಲದಿಂದ ನಾಲ್ಕೂವರೆ ಅಡಿ ಮೇಲೆ. ಆಮೇಲೆ ಈ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ.

ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಮೇಲಿನ ಎರಡು ಮೂಳೆಗಳ ನಡುವಿನ ಕೀಲು ಸಡಿಲವಾಗಿದೆಯೇ? ಇದು ಎಲ್ಲಕ್ಕಿಂತ ಮುಖ್ಯ. ಕೀಲು ಸಡಿಲವಿದ್ದು ಕುಲುಕು ಬಿದ್ದರೆ ಬೆನ್ನುಹುರಿಗೇ ಪೆಟ್ಟಾಗಬಹುದು. ಒಮ್ಮೆ ಎಕ್ಸ್‌ರೇ ಸರಿ ಬಂತು ಎಂದು ಸುಮ್ಮನಿರಬೇಡಿ, ನರಗಳ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು. ಮಧ್ಯೆ ಯಾವಾಗಲಾದರೂ ಮಗುವಿನ ನಡಿಗೆ ಬದಲಾದರೆ, ತಲೆ ಒಂದೇ ಕಡೆ ವಾಲಿದರೆ, ತಡೆದುಕೊಳ್ಳುತ್ತಿದ್ದ ಮೂತ್ರ ತಡೆಯಲಾಗದೆ ಹೋದರೆ ಅಂದೇ ಸವಾರಿ ನಿಲ್ಲಿಸಿ.

ಸೆರೆಬ್ರಲ್ ಪಾಲ್ಸಿ ಇದ್ದರೆ ಸೊಂಟದ ಕೀಲಿನ ಎಕ್ಸ್‌ರೇ ಬೇಕು. ತೊಡೆಮೂಳೆ ಗುಳಿಯಿಂದ ಜಾರುತ್ತಿದ್ದರೆ ಕಾಲು ಅಗಲಿಸಿ ಕೂರುವುದೇ ಅಪಾಯ. ಬೆನ್ನುಮೂಳೆ 30 ಡಿಗ್ರಿಗಿಂತ ಹೆಚ್ಚು ಪಕ್ಕಕ್ಕೆ ಬಾಗಿದ್ದರೆ ಮೂಳೆ ವೈದ್ಯರ ಒಪ್ಪಿಗೆ ಇಲ್ಲದೆ ಹತ್ತಿಸಬೇಡಿ. ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚದಿರುವುದು), ತಲೆಯಲ್ಲಿ ಶಂಟ್ (ತುಂಬಿದ ನೀರನ್ನು ಇಳಿಸುವ ಕೊಳವೆ), ಹತೋಟಿಗೆ ಬಾರದ ಮೂರ್ಛೆ, ಬೇಗ ಮುರಿಯುವ ಮೂಳೆ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಕೂರುವ ಜಾಗದಲ್ಲಿ ಹುಣ್ಣು ಇವುಗಳಲ್ಲಿ ಯಾವುದಿದ್ದರೂ ಮೊದಲು ಅದರದ್ದೇ ತೀರ್ಮಾನ ಆಗಬೇಕು. ಧನುರ್ವಾಯು ಚುಚ್ಚುಮದ್ದಿನ ತಾರೀಖು ನೋಡಿ. ಲಾಯದ ಮಣ್ಣಿನಲ್ಲಿ ಆ ರೋಗಾಣು ಇದ್ದೇ ಇರುತ್ತದೆ. ವಯಸ್ಸಿನ ಮಟ್ಟಿಗೆ ಚಿಕಿತ್ಸಾ ಸವಾರಿಗೆ 4 ವರ್ಷ, ಥೆರಪಿಸ್ಟ್ ನಡೆಸುವ ಹಿಪ್ಪೋಥೆರಪಿಗೆ 2 ವರ್ಷ ತುಂಬಿರಲಿ.

ಕುದುರೆ ಯಾವುದು

ಪುಣೆಯಲ್ಲಿ ಕುದುರೆಗೆ ಕೊರತೆಯಿಲ್ಲ. ರೇಸ್‌ಕೋರ್ಸ್ ಇದೆ, ಸವಾರಿ ಶಾಲೆಗಳಿವೆ, ಮದುವೆ ಮೆರವಣಿಗೆಯ ಬಿಳಿ ಕುದುರೆಗಳಿವೆ. ತೊಂದರೆ ಏನೆಂದರೆ ಇವುಗಳಲ್ಲಿ ಹೆಚ್ಚಿನವು ಈ ಕೆಲಸಕ್ಕೆ ಒಗ್ಗುವುದಿಲ್ಲ. ರೇಸಿನಿಂದ ನಿವೃತ್ತವಾದ ಕುದುರೆ ಅಗ್ಗಕ್ಕೆ, ಕೆಲವೊಮ್ಮೆ ಬಿಟ್ಟಿಯಾಗಿಯೇ ಸಿಗುತ್ತದೆ. ಆದರೆ ಲಗಾಮು ಬಿಗಿಯಾದರೆ ಅದಕ್ಕೆ ಆನಿಕೊಂಡು ವೇಗ ಹೆಚ್ಚಿಸುವುದು ಅದರ ಅಭ್ಯಾಸ. ಹೆದರಿದ ಮಗು ಲಗಾಮು ಜಗ್ಗಿದರೆ ನಾವು ಅಂದುಕೊಂಡದ್ದರ ತದ್ವಿರುದ್ಧ ಆಗುತ್ತದೆ. ಮದುವೆ ಕುದುರೆಗೆ ಬ್ಯಾಂಡಿನ ತಾಳಕ್ಕೆ ಕುಣಿಯುವುದನ್ನು ಕಲಿಸಿರುತ್ತಾರೆ. ಮುಳ್ಳಿನ ಕಡಿವಾಣ ಕಾನೂನಿನಲ್ಲಿ ನಿಷಿದ್ಧವಾದರೂ ಅದನ್ನು ಹಾಕಿಸಿಕೊಂಡು ಬಾಯಿ ಗಾಯವಾದ ಕುದುರೆಗಳು ಇನ್ನೂ ಕಾಣಸಿಗುತ್ತವೆ. ಬಾಯಿಯ ಹತ್ತಿರ ಕೈ ಹೋದರೆ ತಲೆ ಎತ್ತಿ ಎಸೆಯುವ ಕುದುರೆ ಬೇಡ.

ಬೇಕಾದದ್ದು 8ರಿಂದ 18 ವರ್ಷದ, ಸುಮಾರು 13 ಹ್ಯಾಂಡ್ ಅಂದರೆ 132 ಸೆಂ.ಮೀ. ಎತ್ತರದ, ಊರುಕೇರಿಯ ಗದ್ದಲ ಕಂಡ ಕುದುರೆ. ಭೀಮಾ ತೀರದ ಭೀಮಥಡಿ ತಳಿಯಲ್ಲಿ, ದಖ್ಖನಿ ತಟ್ಟುಗಳಲ್ಲಿ ಈ ಗಾತ್ರದವು ಸಿಗುತ್ತವೆ. ಪಕ್ಕದಲ್ಲಿ ನಡೆಯುವವರ ಭುಜ ಕುದುರೆಯ ಬೆನ್ನಿನ ಮಟ್ಟಕ್ಕೆ ಬರಬೇಕು ಎನ್ನುವುದು ಎತ್ತರದ ಲೆಕ್ಕ. ಅದಕ್ಕಿಂತ ಎತ್ತರದ ಕುದುರೆಯಾದರೆ ಹತ್ತೇ ನಿಮಿಷದಲ್ಲಿ ಕೈ ಸೋಲುತ್ತದೆ.

ನಡಿಗೆಯನ್ನು ಮರಳಿನ ಮೇಲೆ ಪರೀಕ್ಷಿಸಿ. ಸವಾರ ಇಲ್ಲದೆ ನೇರಕ್ಕೆ ನಡೆಸಿ ಗೊರಸಿನ ಗುರುತು ನೋಡಿ. ಹಿಂಗಾಲಿನ ಗುರುತು ಮುಂಗಾಲಿನ ಗುರುತಿನ ಮೇಲೆ ಅಥವಾ ಅದಕ್ಕಿಂತ ಮುಂದೆ ಬಿದ್ದರೆ ಹೆಜ್ಜೆ ಉದ್ದ, ಬೆನ್ನು ಸಡಿಲ. ಹಿಂದೆಯೇ ಉಳಿದರೆ ಹೆಜ್ಜೆ ಗಿಡ್ಡ. ಆಮೇಲೆ ಗಟ್ಟಿ ನೆಲದ ಮೇಲೆ ಸ್ವಲ್ಪ ಓಡಿಸಿ ತಲೆ ನೋಡಿ. ಕುಂಟು ಮುಂಗಾಲಿನದ್ದಾದರೆ ನೋವಿನ ಕಾಲು ಊರುವಾಗ ತಲೆ ಮೇಲೇಳುತ್ತದೆ. ಒಂದಿಷ್ಟೇ ಕುಂಟಿದರೂ ಆ ಕುದುರೆ ಬೇಡ, ಅದರ ಸೊಟ್ಟ ಲಯವನ್ನೇ ಮಗುವಿನ ಸೊಂಟ ಕಲಿಯುತ್ತದೆ.

ಬೆನ್ನಿನ ಅಗಲಕ್ಕೂ ಮಗುವಿಗೂ ಹೊಂದಬೇಕು. ತೊಡೆಯ ಒಳಸ್ನಾಯು ಬಿಗಿದ ಮಗುವಿಗೆ ಕಿರಿದಾದ ಬೆನ್ನು, ನಿಧಾನದ ಉದ್ದ ಹೆಜ್ಜೆ. ಕುದುರೆಯ ಮೈಶಾಖ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವುದರಿಂದ ದಪ್ಪ ಜೀನು ಬಿಟ್ಟು ತೆಳು ಗಾದಿ ಹಾಕಿದರೆ ಆ ಬಿಸಿಗೆ ಸ್ನಾಯು ಸಡಿಲುತ್ತದೆ. ಮೈಯೆಲ್ಲ ಸಡಿಲವಾದ, ತಲೆ ಜೋಲುವ ಮಗುವಿಗೆ ಇದರ ಉಲ್ಟಾ: ಚುರುಕಾದ ಗಿಡ್ಡ ಹೆಜ್ಜೆ, ಕೂರಲು ಅಗಲವಾದ ಬೆನ್ನು.

ತೂಕದ ಲೆಕ್ಕಕ್ಕೆ ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಎದೆಯ ಮುಂಭಾಗದಿಂದ ಪೃಷ್ಠದ ತುದಿಯವರೆಗಿನ ಉದ್ದ ಎರಡನ್ನೂ ಸೆಂ.ಮೀ.ನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಸುತ್ತಳತೆ 155, ಉದ್ದ 150 ಇದ್ದರೆ ಸುಮಾರು 303 ಕಿಲೋ. ಸಾಮಾನ್ಯ ಸವಾರಿಗೆ ಕುದುರೆಯ ತೂಕದ ಶೇ. 20ರವರೆಗೆ ಹೊರಿಸುವುದುಂಟು. ಆದರೆ ನಮ್ಮ ಸವಾರರು ಒಂದೇ ಕಡೆ ವಾಲುತ್ತಾರೆ, ಆ ಭಾರ ಕುದುರೆಗೆ ಹೆಚ್ಚು ತಟ್ಟುತ್ತದೆ. ಶೇ. 15ಕ್ಕೆ ನಿಲ್ಲಿ. ಈ ಕುದುರೆಗೆ 45 ಕಿಲೋ ಆಯಿತು, ಜೀನಿನ ಆರೇಳು ಕಿಲೋ ಕಳೆದರೆ ಸವಾರರಿಗೆ 38. ಅದಕ್ಕಿಂತ ಭಾರದ ದೊಡ್ಡವರಿಗೆ ದೊಡ್ಡ ಕುದುರೆ ಸಿಗದಿದ್ದರೆ ಕೆಳಗೇ ಕೆಲಸ ಕೊಡಿ: ಮೈ ಉಜ್ಜುವುದು, ಹಗ್ಗ ಹಿಡಿದು ನಡೆಸುವುದು, ಮೇವು ತೂಗುವುದು. ಗಾಲಿಕುರ್ಚಿಯಲ್ಲಿ ಕೂತೇ ಕುದುರೆಯ ಎದೆ, ಕಾಲು ಉಜ್ಜುವುದು ಭುಜಕ್ಕೆ ಒಳ್ಳೆಯ ವ್ಯಾಯಾಮ.

ಮೂರು ಜನ, ಆರು ಕೈ

ಒಬ್ಬರು ಹಗ್ಗ ಹಿಡಿಯಬೇಕು, ಇಬ್ಬರು ಎರಡೂ ಪಕ್ಕದಲ್ಲಿ ನಡೆಯಬೇಕು, ಇವರಲ್ಲದೆ ಪಾಠ ನಡೆಸುವವರು ಬೇರೆ ಇರಬೇಕು. ಮೂವರೇ ಸಿಕ್ಕಿದರೆ ಅಂದು ಸವಾರಿ ಬೇಡ.

ಹಗ್ಗ ಹಿಡಿದವರ ಜಾಗ ಕುದುರೆಯ ತಲೆಗೂ ಭುಜಕ್ಕೂ ನಡುವೆ. ಹಗ್ಗದ ಉಳಿದ ಭಾಗವನ್ನು ಮಡಚಿ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಲೇಬಾರದು. ಕುದುರೆ ಹಾರಿದರೆ ಸುತ್ತಿದ ಹಗ್ಗ ಬೆರಳನ್ನೇ ಕಿತ್ತುಕೊಂಡು ಹೋಗುತ್ತದೆ. ಅವರ ಗಮನ ಪೂರ್ತಿ ಕುದುರೆಯ ಮೇಲೆ. ಮಗು ಅತ್ತರೂ ಹಿಂದೆ ತಿರುಗಬಾರದು.

ಪಕ್ಕದವರು ಮಗುವಿನ ಮೊಣಕಾಲಿನ ಸಾಲಿನಲ್ಲಿ ನಡೆಯುತ್ತಾರೆ. ಕುದುರೆಗೆ ಹತ್ತಿರದ ಮುಂಗೈಯನ್ನು ಮಗುವಿನ ತೊಡೆಯ ಮೇಲೆ ಅಡ್ಡ ಇಟ್ಟು ಬೆರಳಿನಿಂದ ಜೀನಿನ ಮುಂತುದಿ ಹಿಡಿಯಬೇಕು. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ದಣಿದಾಗ ಮೊಣಕೈ ಕುದುರೆಯ ಪಕ್ಕೆಗೆ ಚುಚ್ಚುತ್ತದೆ, ಕುದುರೆ ಅದನ್ನು ಬೇಗ ನಡೆ ಎಂಬ ಸನ್ನೆ ಎಂದುಕೊಳ್ಳುತ್ತದೆ. ಎರಡನೆಯದು ಪ್ರೀತಿಯಿಂದ ಆಗುವ ತಪ್ಪು: ಮಗುವಿನ ಸೊಂಟವನ್ನು ತಬ್ಬಿ ಹಿಡಿಯುವುದು. ಹಾಗೆ ಹಿಡಿದರೆ ತೂಗುವ ಕೆಲಸವೆಲ್ಲ ನಿಮ್ಮ ಕೈ ಮಾಡುತ್ತದೆ, ಮಗುವಿನ ಬೆನ್ನಿಗೆ ಏನೂ ಉಳಿಯುವುದಿಲ್ಲ. ಬೀಳದಷ್ಟು ಹಿಡಿಯಿರಿ. ಕೈ ಸೋತರೆ ಕುದುರೆ ನಿಲ್ಲಿಸಿ, ಒಬ್ಬೊಬ್ಬರಾಗಿ ಪಕ್ಕ ಬದಲಿಸಿ. ಇಬ್ಬರೂ ಒಟ್ಟಿಗೆ ಕೈಬಿಡಬಾರದು.

ತಾಯ್ತಂದೆಯರಿಗೆ ಹೇಳಬೇಕಾದ್ದು ಒಂದಿದೆ. ಬೀಳಬಾರದೆಂದು ಮಗುವನ್ನು ದುಪಟ್ಟಾದಿಂದಲೋ ಬೆಲ್ಟಿನಿಂದಲೋ ಜೀನಿಗೆ ಕಟ್ಟಿಸಬೇಡಿ. ಕುದುರೆ ಎಡವಿ ಬಿದ್ದರೆ ಕಟ್ಟಿದ ಮಗು ಅದರ ಅಡಿಗೆ ಸಿಗುತ್ತದೆ. ಸೊಂಟಕ್ಕೆ ಹಿಡಿಕೆಯುಳ್ಳ ಪಟ್ಟಿ ಕಟ್ಟಬಹುದು, ಅದು ಮಗುವಿನ ಮೈಗೆ ಮಾತ್ರ. ಹಿಂದೆ ದೊಡ್ಡವರು ಕೂತು ಮಗುವನ್ನು ಅಪ್ಪಿ ಹಿಡಿಯುವ ಪದ್ಧತಿಯೂ ಬೇಡ, ಇಬ್ಬರ ಭಾರ ಕುದುರೆಯ ಬೆನ್ನಿನ ದುರ್ಬಲ ಭಾಗದ ಮೇಲೆ ಬೀಳುತ್ತದೆ.

ಭಾಷೆಯ ವಿಷಯ ಪುಣೆಯ ಕನ್ನಡದ ಮನೆಗಳಿಗೆ ನಿಜಕ್ಕೂ ದೊಡ್ಡದು. ಕುದುರೆ ನೋಡಿಕೊಳ್ಳುವ ಮೋತದ್ದಾರರು ಮರಾಠಿ, ಥೆರಪಿಸ್ಟ್ ಹಿಂದಿ ಇಲ್ಲವೇ ಇಂಗ್ಲಿಷ್, ಮಗುವಿಗೆ ಮಾತ್ರ ಅವ್ವನ ಕನ್ನಡ. ಮಾತು ತಡವಾಗಿ ಬರುತ್ತಿರುವ ಮಗುವಿಗೆ ನಾಲ್ಕು ಭಾಷೆಯಲ್ಲಿ ನಾಲ್ಕು ಜನ ಹೇಳಿದರೆ ಅದು ಯಾರ ಮಾತನ್ನೂ ಕೇಳುವುದಿಲ್ಲ. 'ನಡಿ', 'ನಿಲ್ಲು' ಇವೆರಡು ಪದ ಎಲ್ಲರಿಗೂ ಕಲಿಸಿ, ಕುದುರೆಗೂ ಕಲಿಸಿ. ಕುದುರೆಗೆ ಬೇಕಾದ್ದು ಒಂದು ಶಬ್ದ, ಅದು ಯಾವ ಭಾಷೆಯದ್ದಾದರೇನು. ವಾರದ ಅಭ್ಯಾಸದಲ್ಲಿ ಅದು 'ನಡಿ'ಗೆ ಹೆಜ್ಜೆ ಇಡುತ್ತದೆ. ಆಮೇಲೆ ಮಗು ಆ ಪದ, ಅರ್ಧ ಪದ ಅಥವಾ ಕೈಸನ್ನೆ ಮಾಡುವವರೆಗೆ ಕುದುರೆಯನ್ನು ನಿಲ್ಲಿಸಿಯೇ ಇಡಿ. ಹತ್ತು ಸೆಕೆಂಡು ಕಾಯಿರಿ, ಮೂರನೆಯ ಸೆಕೆಂಡಿಗೇ "ಹೇಳು ಪುಟ್ಟಾ, ಹೇಳು" ಎಂದು ಎಲ್ಲರೂ ಶುರು ಮಾಡಬೇಡಿ. ತಾನು ಬಾಯಿ ಬಿಟ್ಟರೆ ಇಷ್ಟು ದೊಡ್ಡ ಪ್ರಾಣಿ ಅಲುಗುತ್ತದೆ ಎನ್ನುವುದು ಮಗುವಿಗೆ ಗೊತ್ತಾಗಲು ಆ ಮೌನ ಬೇಕು.

ಜಾಗ ಮತ್ತು ಕಾಲ

ನೆಲ ಸಮತಟ್ಟಾಗಿ, ಮರಳು ಕುದುರೆಯ ಗೊರಸು ಮುಳುಗದಷ್ಟು ತೆಳುವಾಗಿರಲಿ. ಬೀಚಿನ ಒಣ ಮರಳಿನಲ್ಲಿ ಕಾಲು ಹೂತು ಹೆಜ್ಜೆ ಮುಗ್ಗರಿಸುತ್ತದೆ, ಮುಂಬೈಯವರು ಜುಹುವಿನ ಕುದುರೆಯನ್ನು ಈ ಕೆಲಸಕ್ಕೆ ಬಳಸಬಾರದು ಎನ್ನುವುದಕ್ಕೆ ಅದೊಂದೇ ಕಾರಣ ಸಾಕು. ಪುಣೆಯ ಸುತ್ತಲಿನ ಎರೆಮಣ್ಣು ಮಳೆಗಾಲದಲ್ಲಿ ಲಾಳವನ್ನೇ ಹೀರಿ ಕೀಳುತ್ತದೆ. ಆಗ ಸೂರಿನಡಿಯ ಜಾಗ ಇಲ್ಲದಿದ್ದರೆ ಪಾಠ ನಿಲ್ಲಿಸಿ. ಮಳೆಗಾಲದಲ್ಲಿ ಗೊರಸಿನ ತಳದಿಂದ ಕೊಳೆತ ವಾಸನೆ, ಕಪ್ಪು ರಸ ಬರುತ್ತಿದೆಯೇ ನೋಡುತ್ತಿರಿ. ಬೂಷ್ಟು ಹಿಡಿದ ಚರ್ಮದ ಪಟ್ಟಿಗಳ ಹೊಲಿಗೆಯನ್ನು ಜಗ್ಗಿ ನೋಡಿ. ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮುಗಿಸಿ.

ಇಲ್ಲಿಯ ದೊಡ್ಡ ಉಪದ್ರವ ಢೋಲ್ ತಾಶಾ ವಾದ್ಯಮೇಳ. ಗಣೇಶ ಹಬ್ಬಕ್ಕೆ ವಾರಗಳ ಮುಂಚೆಯೇ ಸಂಜೆ ಹೊತ್ತು ಅಭ್ಯಾಸ ಶುರುವಾಗುತ್ತದೆ, ಹಾಗಾಗಿ ಆ ದಿನಗಳಲ್ಲಿ ಬೆಳಗಿನ ಪಾಠ ಮಾತ್ರ. ಶಬ್ದ ಸಹಿಸದ ಆಟಿಸಂ ಮಕ್ಕಳಿಗೂ ಕುದುರೆಗೂ ಇದು ಒಂದೇ ನಿಯಮ.

ಹತ್ತಿಸುವುದು

ಅಪಘಾತ ಹೆಚ್ಚಾಗುವುದು ನಡೆಯುವಾಗಲ್ಲ, ಹತ್ತಿಸುವಾಗ ಮತ್ತು ಇಳಿಸುವಾಗ. ಗಾಲಿಕುರ್ಚಿಗೆ ಇಳಿಜಾರು ಕಟ್ಟೆ ಬೇಕು. ಕಟ್ಟೆ 70 ಸೆಂ.ಮೀ. ಎತ್ತರವಾದರೆ ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿ ಇಳಿಜಾರು 8.4 ಮೀಟರ್ ಉದ್ದವಾಗುತ್ತದೆ. ಜಾಗ ಉಳಿಸಲು ಇದನ್ನು ಗಿಡ್ಡ ಮಾಡಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಕುದುರೆಯ ಆಚೆ ಬದಿಗೂ ಒಂದು ಕಟ್ಟೆ ಇದ್ದರೆ ಅದು ಪಕ್ಕಕ್ಕೆ ಸರಿಯಲಾರದು.

ಕುದುರೆಯನ್ನು ಎರಡೂ ದಿಕ್ಕಿನಲ್ಲಿ ಹತ್ತು ನಿಮಿಷ ನಡೆಸಿ ತನ್ನಿ. ಜೀನಿನ ಹೊಟ್ಟೆಪಟ್ಟಿ, ಲಾಯದವರ ಮಾತಿನಲ್ಲಿ ತಂಗ್, ಮೂರು ಸಲ ನೋಡಬೇಕು: ಜೀನು ಹಾಕಿದಾಗ, ಹತ್ತಿಸುವ ಮುಂಚೆ, ಹತ್ತಿಸಿ ಐದು ನಿಮಿಷ ನಡೆದ ಮೇಲೆ. ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ, ನಡೆದ ಮೇಲೆ ಸಡಿಲವಾಗುವುದು ಅದಕ್ಕೇ.

ಹೆಲ್ಮೆಟ್ ಸವಾರಿಯದ್ದೇ ಇರಲಿ, ಸೈಕಲ್ಲಿನದ್ದು ನಡೆಯದು. ಅಂಚು ಹುಬ್ಬಿನಿಂದ ಎರಡು ಬೆರಳು ಮೇಲೆ ನಿಲ್ಲಬೇಕು. ಒಮ್ಮೆ ಪೆಟ್ಟು ಬಿದ್ದ ಹೆಲ್ಮೆಟನ್ನು ಎಸೆಯಿರಿ. ತಲೆಗೆ ಏನೂ ಹಾಕಿಸಿಕೊಳ್ಳದ ಮಗುವಿಗೆ ಎರಡು ವಾರ ಮೊದಲೇ ಮನೆಯಲ್ಲಿ ದಿನಕ್ಕೆ ಐದು ನಿಮಿಷ ಹಾಕಿ ರೂಢಿ ಮಾಡಿಸಿ. ಜೀನ್ಸ್ ಬೇಡ, ಒಳತೊಡೆಯ ಹೊಲಿಗೆ ಚರ್ಮ ಕೀಳುತ್ತದೆ. ಕಾಲಿನ ಸ್ಪರ್ಶ ಇಲ್ಲದವರಿಗೆ ನೋವೇ ಗೊತ್ತಾಗುವುದಿಲ್ಲ, ಇಳಿದ ಮೇಲೆ ಬಟ್ಟೆ ಸರಿಸಿ ನೋಡಿ. ಕೆಂಪಗಾದ ಜಾಗ ಅರ್ಧ ಗಂಟೆಯಲ್ಲಿ ಮೊದಲಿನಂತಾಗದಿದ್ದರೆ ಮುಂದಿನ ಸಲ ಕುರಿಯುಣ್ಣೆಯ ಗಾದಿ ಬೇಕು. ಪಾದ ಇಡುವ ರಿಕಾಪಿನ ಮುಂದೆ ಮುಚ್ಚಳ ಇರಲಿ, ಪಾದ ಒಳಗೆ ಜಾರಿ ಸಿಕ್ಕಿಕೊಳ್ಳುವುದಿಲ್ಲ. ಕುತ್ತಿಗೆ ಬಳಿ ಹಿಡಿದುಕೊಳ್ಳಲು ಒಂದು ಪಟ್ಟಿ ಕಟ್ಟಿ, ಮಗುವಿನ ಕೈ ಲಗಾಮಿಗೆ ಹೋಗದಿರಲಿ.

ಹತ್ತಿಸುವಾಗ ಹಗ್ಗ ಹಿಡಿದವರು ಕುದುರೆಯ ಎದುರಿಗೆ ನಿಲ್ಲಬೇಕು. ಕಾಲನ್ನು ಬೆನ್ನಿನ ಹಿಂದಿನಿಂದ ದಾಟಿಸಲಾಗದವರಿಗೆ ಮುಂದಿನಿಂದ, ಕುತ್ತಿಗೆಯ ಮೇಲಿಂದ ದಾಟಿಸಬಹುದು. ಆಗ ಕುದುರೆ ತಲೆ ಎತ್ತದಂತೆ ನೋಡಿಕೊಳ್ಳುವುದು ಹಗ್ಗ ಹಿಡಿದವರ ಹೊಣೆ. ಮಗುವನ್ನು ಮೆಲ್ಲಗೆ ಇಳಿಸಿ ಕೂರಿಸಿ, ದೊಪ್ಪನೆ ಬಿಟ್ಟರೆ ಕುದುರೆಯ ಬೆನ್ನು ಬಿಗಿಯುತ್ತದೆ, ಮಗುವಿನ ಸ್ನಾಯುವೂ ಬಿಗಿಯುತ್ತದೆ. ಕೂತ ಮೇಲೆ ಕಟ್ಟೆ ದಾಟುವವರೆಗೆ ನೇರಕ್ಕೆ ನಡೆಸಿ, ಅಲ್ಲಿಯೇ ತಿರುಗಿಸಿದರೆ ಮಗುವಿನ ಪಾದ ಕಟ್ಟೆಗೆ ಬಡಿಯುತ್ತದೆ.

ನಡೆಸುವುದು

ಮೊದಲ ದಿನ ಎಂಟು ಹತ್ತು ನಿಮಿಷ ಸಾಕು. ಮುಂದೆ ಇಪ್ಪತ್ತರವರೆಗೆ ಏರಿಸಿ, ಅದರಾಚೆ ದಣಿವು ಬಿಟ್ಟು ಬೇರೇನೂ ಸಿಗದು. ನೇರ ಸಾಲಿನಿಂದ ಶುರು ಮಾಡಿ. ಆಮೇಲೆ 20 ಮೀಟರ್ ಅಗಲದ ದೊಡ್ಡ ವೃತ್ತ, ಸುತ್ತಿನಲ್ಲಿ ಬಿದ್ದ ಭಾರವನ್ನು ಮಗು ಸೊಂಟದಿಂದ ತೂಗಿಕೊಳ್ಳಬೇಕಾಗುತ್ತದೆ. ಕೆಲವು ನಿಮಿಷಕ್ಕೊಮ್ಮೆ ದಿಕ್ಕು ಬದಲಿಸಿ, ಒಂದೇ ಕಡೆ ಸುತ್ತಿದರೆ ಒಂದೇ ಕಡೆ ವಾಲುವ ಅಭ್ಯಾಸ ಬೀಳುತ್ತದೆ. ನಿಲ್ಲುವುದು, ಮತ್ತೆ ಹೊರಡುವುದು ಅತಿ ಕಷ್ಟದ ವ್ಯಾಯಾಮ. ಪ್ರತಿ ಸಲ "ನಿಲ್ಲು" ಎಂದು ಮೊದಲೇ ಹೇಳಿ ಮೆಲ್ಲನೆ ನಿಲ್ಲಿಸಿ, ಗಕ್ಕನೆ ನಿಂತರೆ ಮಗು ಮುಂದಕ್ಕೆ ಬೀಳುತ್ತದೆ. ಕೈಗಳನ್ನು ಪಕ್ಕಕ್ಕೆ ಚಾಚಿಸುವುದು, ಕುದುರೆಯ ಕಿವಿ ಮುಟ್ಟಲು ಬಗ್ಗಿಸುವುದು, ಚೆಂಡನ್ನು ಬುಟ್ಟಿಗೆ ಹಾಕಿಸುವುದು ಇವೆಲ್ಲ ಬೆನ್ನು ಗಟ್ಟಿಯಾದ ಮೇಲೆ. ಹಿಂದೆ ಮುಂದಾಗಿ ಕೂರಿಸುವುದನ್ನು ಥೆರಪಿಸ್ಟ್ ಇಲ್ಲದೆ ಮಾಡಬೇಡಿ.

ಮಗು ಪಾಠದ ಮಧ್ಯೆ ಒಂದೇ ಕಡೆ ಜಾರತೊಡಗಿದರೆ ಮೊದಲು ಜೀನು ಜಾರಿದೆಯೇ ನೋಡಿ, ಆಮೇಲೆ ಮಗುವನ್ನು ಸರಿಪಡಿಸಿ. ಕುದುರೆ ಕಿವಿ ಹಿಂದಕ್ಕೆ ಮಡಚಿದರೆ, ಬಾಲ ಬೀಸಿದರೆ, ಮೂಗು ಸುಕ್ಕುಗಟ್ಟಿಸಿದರೆ ಅದಕ್ಕೆ ಎಲ್ಲೋ ಚುಚ್ಚುತ್ತಿದೆ ಎಂದರ್ಥ.

ತುರ್ತಿಗೆ ಒಂದು ಪದ ಗೊತ್ತುಮಾಡಿ, 'ಇಳಿಸು' ಸಾಕು. ಆ ಪದ ಕೇಳಿದ ಕೂಡಲೇ ಹಗ್ಗದವರು ಕುದುರೆಯನ್ನು ತಡೆಯುತ್ತಾರೆ, ಬಲಗಡೆಯವರು ಪಾದವನ್ನು ರಿಕಾಪಿನಿಂದ ಬಿಡಿಸಿ ಕಾಲು ಮೇಲೆತ್ತಿ ದಾಟಿಸುತ್ತಾರೆ, ಎಡಗಡೆಯವರು ಕಂಕುಳಡಿ ಕೈ ಹಾಕಿ ತಮ್ಮತ್ತ ಎಳೆದುಕೊಂಡು ದೂರ ಸರಿಯುತ್ತಾರೆ. ತಿಂಗಳಿಗೊಮ್ಮೆ ದೊಡ್ಡವರನ್ನೇ ಮಗುವಾಗಿ ಕೂರಿಸಿ ಅಭ್ಯಾಸ ಮಾಡಿ. ಕುದುರೆ ಬೆಚ್ಚಿ ಎರಡು ಹೆಜ್ಜೆ ಹಾರಿದ್ದಕ್ಕೆಲ್ಲ ಇಳಿಸಬೇಕಿಲ್ಲ. ಆಗ ಎರಡೂ ಕಡೆಯವರು ತೊಡೆ ಒತ್ತಿ ಹಿಡಿದು ಕುದುರೆಯ ಜೊತೆಗೇ ಹೋಗಬೇಕು.

ಮಾಮೂಲಿ ಇಳಿಕೆಯಲ್ಲಿ ಪಾದ ನೆಲಕ್ಕೆ ತಾಗಿದೊಡನೆ ಕೆಲವು ಮಕ್ಕಳ ಮೊಣಕಾಲು ಕುಸಿಯುತ್ತವೆ, ಇನ್ನು ಕೆಲವರ ಕಾಲು ಕೋಲಿನಂತೆ ಸೆಟೆಯುತ್ತವೆ. ಗಾಲಿಕುರ್ಚಿ ಬ್ರೇಕ್ ಹಾಕಿ ಸಿದ್ಧವಿರಲಿ.

ಲೆಕ್ಕ ಇಡುವುದು

ವಾರಕ್ಕೊಮ್ಮೆಯಂತೆ ಹತ್ತು ಹನ್ನೆರಡು ವಾರ ಆಗದೆ ಏನನ್ನೂ ಹೇಳಬೇಡಿ. ಶುರುವಿಗೆ ಮುಂಚೆ ಒಂದು ಅಳತೆ ತೆಗೆದುಕೊಳ್ಳಿ: ಆಸರೆಯಿಲ್ಲದ ಬೆಂಚಿನ ಮೇಲೆ ಎಷ್ಟು ಸೆಕೆಂಡು ಕೂರುತ್ತದೆ, ತಲೆ ಎಷ್ಟು ಹೊತ್ತು ನೆಟ್ಟಗಿರುತ್ತದೆ. ಆಟಿಸಂ ಮಗುವಾದರೆ ವಾರದಲ್ಲಿ ಎಷ್ಟು ಸಲ ರಂಪ ಮಾಡಿತು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 6ರಿಂದ 16 ವರ್ಷದ ಆಟಿಸಂ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹತ್ತು ವಾರ ಸವಾರಿ, ಇನ್ನೊಂದಕ್ಕೆ ಕುದುರೆಯೇ ಇಲ್ಲದ ಲಾಯದ ಪಾಠ ಕೊಟ್ಟರು. ಸವಾರಿ ಗುಂಪಿನಲ್ಲಿ ಸಿಡುಕು, ಚಡಪಡಿಕೆ ಹೆಚ್ಚು ಇಳಿದವು. ಸೆರೆಬ್ರಲ್ ಪಾಲ್ಸಿಯಲ್ಲಿ ಕೂರುವ ಹಿಡಿತ ಸುಧಾರಿಸುವುದು ಕಂಡುಬರುತ್ತದೆ. ಬಿಗಿದ ಸ್ನಾಯು ಸಡಿಲುವುದು ಮಾತ್ರ ಹೆಚ್ಚಾಗಿ ಕೆಲವು ಗಂಟೆಗಳ ಮಾತು, ಫಿಸಿಯೋಥೆರಪಿ ಬಿಡಬೇಡಿ.

ಕುದುರೆಗೂ ಒಂದು ಪುಟ ಇರಲಿ. ಬೆಳಿಗ್ಗೆ ಮೂವರು ಮಕ್ಕಳಿಗಿಂತ ಹೆಚ್ಚು ಬೇಡ, ನಡುವೆ ತಂಗ್ ಸಡಿಲಿಸಿ ನೀರು ಕೊಡಿ. ಬೆಲ್ಲ, ಗಜ್ಜರಿಯನ್ನು ಮಗುವಿನ ಅಂಗೈಯಿಂದ ತಿನ್ನಿಸುವುದು ಎಲ್ಲರಿಗೂ ಇಷ್ಟ, ಆದರೆ ಹಾಗೆ ರೂಢಿಯಾದ ಕುದುರೆ ಮುಂದೆ ಬೆರಳು, ಅಂಗಿಯ ಜೇಬು ಯಾವುದನ್ನೂ ಬಿಡುವುದಿಲ್ಲ. ಬಕೆಟ್ಟಿಗೆ ಹಾಕಿಸಿ, ಬಕೆಟ್ಟನ್ನು ಮಗುವೇ ಒಯ್ಯಲಿ. ಕಟ್ಟೆಯ ಹತ್ತಿರ ಬರಲು ಹಿಂಜರಿಯುವುದು, ತಂಗ್ ಬಿಗಿಯುವಾಗ ಕಚ್ಚಲು ತಿರುಗುವುದು ಒಂದೇ ವಾರದಲ್ಲಿ ಎರಡು ಸಲ ಕಂಡರೆ ಹದಿನೈದು ದಿನ ಅದನ್ನು ಮೇಯಲು ಬಿಟ್ಟು, ಪಶುವೈದ್ಯರಿಂದ ಬೆನ್ನು ಮತ್ತು ಹಲ್ಲು ನೋಡಿಸಿ.